ವಿಕ್ರಾಂತ್ ವೇಷದ ರಜಪೂತ್, ಬಿಡಿಸಲಾಗದ ಗಾಜಿ

1971ರ ನವೆಂಬರ್ ಕೊನೆಯ ದಿನಗಳಲ್ಲಿ ವಿಶಾಖಪಟ್ಟಣದ ಆಚೆಯ ಕಡಲಿನಲ್ಲಿ ಒಂದು ಹಡಗು ಇನ್ನೊಂದರ ಸೋಗು ಹಾಕಿಕೊಂಡು ಓಡಾಡುತ್ತಿತ್ತು. ಸೋಗು ಹಾಕಿದ್ದು ಐಎನ್‌ಎಸ್ ರಜಪೂತ್. ಅದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ಕಟ್ಟಿದ, 1949ರಲ್ಲಿ ಭಾರತಕ್ಕೆ ಬಂದ ಮುದಿ ಡೆಸ್ಟ್ರಾಯರ್. ಅದು ಯಾರ ಸೋಗು ಹಾಕಿತ್ತೋ ಅದು ಐಎನ್‌ಎಸ್ ವಿಕ್ರಾಂತ್, ಆ ಹೊತ್ತಿಗೆ ದೇಶದ ಬಳಿಯಿದ್ದ ಒಂದೇ ಒಂದು ವಿಮಾನವಾಹಕ ನೌಕೆ. ರಜಪೂತ್‌ನ ಉದ್ದ ವಿಕ್ರಾಂತ್‌ನ ಉದ್ದದ ಅರ್ಧದಷ್ಟು ಮಾತ್ರ. ಕಣ್ಣಿಗೆ ಬಿದ್ದರೆ ಆ ಸೋಗು ಅರೆಗಳಿಗೆಯೂ ನಿಲ್ಲುತ್ತಿರಲಿಲ್ಲ. ಆದರೆ ಮೋಸಹೋಗಬೇಕಾದವನು ನೀರಿನಡಿ ಇದ್ದ, ಅವನಿಗೆ ಸುದ್ದಿ ಕಳಿಸುವವರು ದೂರದ ಕರಾಚಿಯಲ್ಲಿದ್ದರು.

ಆ ಸೋಗಿನ ಕೊನೆಯಲ್ಲಿ ಪಾಕಿಸ್ತಾನದ ಗಾಜಿ ಎಂಬ ಜಲಾಂತರ್ಗಾಮಿ ವಿಶಾಖಪಟ್ಟಣದ ಬಂದರಿನ ಬಾಯಲ್ಲೇ ಮುಳುಗಿತು. ಅದನ್ನು ಮುಳುಗಿಸಿದವರು ಯಾರು ಎಂಬ ಪ್ರಶ್ನೆಗೆ ಅರ್ಧ ಶತಮಾನ ಕಳೆದರೂ ಎಲ್ಲರೂ ಒಪ್ಪುವ ಉತ್ತರ ಸಿಕ್ಕಿಲ್ಲ. ಉತ್ತರ ಸಿಗದ ಆ ಜಾಗದಲ್ಲಿ ಕಥೆಗಳು ಬೆಳೆದವು. ಕೆಲವು ಅರೆನಿಜ, ಕೆಲವು ಪೂರ್ತಿ ಕಲ್ಪನೆ. ಯುದ್ಧಕಾಲದ ಶೌರ್ಯವೊಂದು ಹೇಗೆ ಕಟ್ಟಲ್ಪಡುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಸುತ್ತಮುತ್ತ ಸಿಗುವುದು ಕಷ್ಟ.

ಗಾಜಿಯ ಹುಟ್ಟು ಅಮೆರಿಕದಲ್ಲಿ. ಯುಎಸ್‌ಎಸ್ ಡಯಾಬ್ಲೋ ಎಂಬ ಹೆಸರಿನಿಂದ 1944ರ ಡಿಸೆಂಬರ್‌ನಲ್ಲಿ ನೀರಿಗಿಳಿದು, ಮರುವರ್ಷ ಸೇವೆಗೆ ಸೇರಿದ ಈ ಜಲಾಂತರ್ಗಾಮಿಯನ್ನು ಅಮೆರಿಕ 1964ರಲ್ಲಿ ಪಾಕಿಸ್ತಾನಕ್ಕೆ ಗೇಣಿಗೆ ಕೊಟ್ಟಿತು. ದಕ್ಷಿಣ ಏಷ್ಯಾದ ಯಾವುದೇ ನೌಕಾಪಡೆಗೆ ಸಿಕ್ಕ ಮೊದಲ ಜಲಾಂತರ್ಗಾಮಿ ಅದು. ಮರುವರ್ಷವೇ ಯುದ್ಧ ಬಂತು. 1965ರ ಸೆಪ್ಟೆಂಬರ್‌ನಲ್ಲಿ ಅದು ಮುಂಬಯಿಯ ಆಚೆ ಹೊಂಚು ಹಾಕಿ ಕುಳಿತಿತು. ಆಗಲೂ ಅದು ಕಾದದ್ದು ವಿಕ್ರಾಂತ್‌ಗಾಗಿಯೇ. ವಿಕ್ರಾಂತ್ ಆಗ ದುರಸ್ತಿಗೆ ನಿಂತಿತ್ತು, ಸಿಗಲಿಲ್ಲ. ಯುದ್ಧದ ಕೊನೆಯಲ್ಲಿ ಗಾಜಿ ಕೆಲವು ಟಾರ್ಪಿಡೋಗಳನ್ನು ಹಾರಿಸಿತು, ಸ್ಫೋಟದ ಸದ್ದು ಕೇಳಿಸಿತು ಎಂದಿತು. ಭಾರತದ ಬ್ರಹ್ಮಪುತ್ರ ಎಂಬ ಯುದ್ಧನೌಕೆ ಮುಳುಗಿತು ಎಂಬ ಸುದ್ದಿ ಪಾಕಿಸ್ತಾನದಲ್ಲಿ ಹಬ್ಬಿತು. ಗಾಜಿಯ ಸಿಬ್ಬಂದಿಗೆ ಶೌರ್ಯ ಪದಕಗಳೂ ಬಂದವು.

ಬ್ರಹ್ಮಪುತ್ರ ಮುಳುಗಿರಲಿಲ್ಲ. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಆ ನೌಕೆ 1980ರ ದಶಕದವರೆಗೂ ಭಾರತೀಯ ನೌಕಾಪಡೆಯಲ್ಲಿ ದುಡಿಯಿತು. ಇಲ್ಲಿ ಒಂದು ಸಂಗತಿ ಗಮನಿಸಬೇಕು. ಗಾಜಿಯ ಸಿಬ್ಬಂದಿ ಬೇಕೆಂದೇ ಸುಳ್ಳು ಹೇಳಿದರು ಎನ್ನಲು ಆಧಾರವಿಲ್ಲ. ನೀರಿನಡಿ ಇರುವವರಿಗೆ ಕಣ್ಣಿಲ್ಲ, ಕಿವಿ ಮಾತ್ರ ಇರುತ್ತದೆ. ಗುರಿ ತಪ್ಪಿದ ಟಾರ್ಪಿಡೋ ಓಟ ಮುಗಿಸಿ ಸಿಡಿದರೂ ಕೇಳುವುದು ಅದೇ ಸದ್ದು. ಕೇಳಿದ ಸದ್ದಿಗೆ ಬೇಕಾದ ಅರ್ಥವನ್ನು ಮನಸ್ಸು ಕೊಟ್ಟುಕೊಳ್ಳುತ್ತದೆ, ಉಳಿದದ್ದನ್ನು ಯುದ್ಧಕಾಲದ ಪತ್ರಿಕೆಗಳು ನೋಡಿಕೊಳ್ಳುತ್ತವೆ. ಆ ಹೇಳಿಕೆ ಬಿದ್ದುಹೋಗಲು ಕಾರಣ ಒಂದೇ: ಮುಳುಗಿತೆನ್ನಲಾದ ಹಡಗು ಎಲ್ಲರ ಕಣ್ಣೆದುರು ತೇಲುತ್ತಿತ್ತು. 1971ರಲ್ಲಿ ಅಂಥ ಅನುಕೂಲ ಯಾರಿಗೂ ಇರಲಿಲ್ಲ.

1971ರ ಹೊತ್ತಿಗೆ ಪಾಕಿಸ್ತಾನದ ಬಳಿ ಫ್ರಾನ್ಸಿನಿಂದ ಕೊಂಡ ಹೊಸ ಜಲಾಂತರ್ಗಾಮಿಗಳಿದ್ದವು. ಆದರೆ ಕರಾಚಿಯಿಂದ ಹೊರಟು, ಸಿಂಹಳವನ್ನು ಸುತ್ತು ಹಾಕಿ, ಬಂಗಾಳ ಕೊಲ್ಲಿಯಲ್ಲಿ ವಾರಗಟ್ಟಲೆ ನಿಲ್ಲುವ ತಾಕತ್ತು ಇದ್ದುದು ಹಳೆಯ ಗಾಜಿಗೆ ಮಾತ್ರ. ಸಮುದ್ರದ ಮೈನ್‌ಗಳನ್ನು ಹಾಕುವ ವ್ಯವಸ್ಥೆಯೂ ಅದರಲ್ಲಿತ್ತು. ಕಮಾಂಡರ್ ಜಾಫರ್ ಮುಹಮ್ಮದ್ ಖಾನ್ ಅವರ ನೇತೃತ್ವದಲ್ಲಿ ಗಾಜಿ ನವೆಂಬರ್ 14ರಂದು ಕರಾಚಿ ಬಿಟ್ಟಿತು. ಕೆಲಸ ಎರಡು: ವಿಕ್ರಾಂತ್ ಅನ್ನು ಹುಡುಕಿ ಹೊಡೆಯುವುದು, ಭಾರತದ ಪೂರ್ವ ತೀರದಲ್ಲಿ ಮೈನ್ ಹಾಕುವುದು.

ಭಾರತದ ಪೂರ್ವ ನೌಕಾ ಕಮಾಂಡ್‌ನ ಮುಖ್ಯಸ್ಥರಾಗಿದ್ದವರು ವೈಸ್ ಅಡ್ಮಿರಲ್ ಎನ್. ಕೃಷ್ಣನ್. ಅವರ ಕಷ್ಟ ದೊಡ್ಡದು. ವಿಕ್ರಾಂತ್‌ನ ಬಾಯ್ಲರ್‌ನಲ್ಲಿ ಬಿರುಕು ಬಿದ್ದಿತ್ತು, ಅದು ಪೂರ್ಣ ವೇಗದಲ್ಲಿ ಓಡುವಂತಿರಲಿಲ್ಲ. ಅದನ್ನು ಯುದ್ಧಕ್ಕೆ ಇಳಿಸದೆ ಪೂರ್ವ ಪಾಕಿಸ್ತಾನದ ಬಂದರುಗಳನ್ನು ಮುಚ್ಚುವುದೂ ಸಾಧ್ಯವಿರಲಿಲ್ಲ. ಅದು ಟಾರ್ಪಿಡೋಗೆ ಬಲಿಯಾದರೆ ಆಗುವ ನಷ್ಟ ಒಂದು ಹಡಗಿನದಷ್ಟೇ ಆಗುತ್ತಿರಲಿಲ್ಲ, ಪೂರ್ವದ ಇಡೀ ನೌಕಾಯುದ್ಧವೇ ಕುಸಿಯುತ್ತಿತ್ತು. ಆದ್ದರಿಂದ ವಿಕ್ರಾಂತ್ ಅನ್ನು ಅಂಡಮಾನ್ ದ್ವೀಪಗಳ ಗುಪ್ತ ಲಂಗರು ತಾಣವೊಂದಕ್ಕೆ ಕಳುಹಿಸಲಾಯಿತು. ಅದರ ಸಂಕೇತನಾಮ ಪೋರ್ಟ್ ಎಕ್ಸ್-ರೇ. ಅಡಗಿಸಿದ್ದು ಅರ್ಧ ಕೆಲಸ ಮಾತ್ರ. ವಿಕ್ರಾಂತ್ ಬೇರೆಲ್ಲೋ ಇದೆ ಎಂದು ಶತ್ರು ನಂಬುವಂತೆ ಮಾಡುವುದು ಉಳಿದರ್ಧ.

ಆ ಕೆಲಸಕ್ಕೆ ಬಂದದ್ದು ರಜಪೂತ್. ಅದನ್ನು ವಿಶಾಖಪಟ್ಟಣದಿಂದ ಸುಮಾರು 160 ಮೈಲಿ ಆಚೆಗೆ ಕಳಿಸಿ, ವಿಕ್ರಾಂತ್‌ನ ಹೆಸರಿನಲ್ಲಿ ನಿಸ್ತಂತು ಸಂದೇಶಗಳನ್ನು ಬಿತ್ತರಿಸಲು ಹೇಳಲಾಯಿತು. ಸಂದೇಶದಲ್ಲಿ ಏನಿದೆ ಎಂಬುದು ಇಂಥ ಕಡೆ ಮುಖ್ಯವಲ್ಲ, ಅದು ಸಂಕೇತ ಭಾಷೆಯಲ್ಲೇ ಇರುತ್ತದೆ. ಎಷ್ಟು ಸಂದೇಶಗಳು ಹೋಗುತ್ತಿವೆ ಎಂಬುದೇ ಮುಖ್ಯ. ನೂರಾರು ಜನ, ಹತ್ತಾರು ವಿಮಾನಗಳಿರುವ ದೊಡ್ಡ ಹಡಗಿನಿಂದ ದಿನವಿಡೀ ಮಾತು ಹೊರಡುತ್ತಲೇ ಇರುತ್ತದೆ, ಡೆಸ್ಟ್ರಾಯರ್‌ನಿಂದ ಅಷ್ಟು ಹೊರಡುವುದಿಲ್ಲ. ಬೇರೆ ಬೇರೆ ಊರುಗಳ ಕೇಂದ್ರಗಳಲ್ಲಿ ಕುಳಿತು ಆ ರೇಡಿಯೋ ಅಲೆ ಬರುವ ದಿಕ್ಕನ್ನು ಅಳೆದು ಗೆರೆ ಎಳೆದರೆ, ಗೆರೆಗಳು ಕೂಡುವಲ್ಲಿ ಹಡಗಿದೆ ಎಂದು ತಿಳಿಯುತ್ತದೆ. ರಜಪೂತ್ ಬೇಕೆಂದೇ ಗದ್ದಲ ಮಾಡಿತು.

ಕೃಷ್ಣನ್ ತಮ್ಮ ಪುಸ್ತಕದಲ್ಲಿ ಬರೆದ ಇನ್ನೆರಡು ಉಪಾಯಗಳು ಇದಕ್ಕಿಂತಲೂ ಸ್ವಾರಸ್ಯವಾಗಿವೆ. ವಿಶಾಖಪಟ್ಟಣದ ಗುತ್ತಿಗೆದಾರರಿಗೆ ಮಾಂಸ, ತರಕಾರಿ, ದಿನಸಿಗಾಗಿ ಭಾರಿ ಬೇಡಿಕೆ ಕೊಡಲಾಯಿತು. ಇಡೀ ನೌಕಾದಳ ಊರಲ್ಲೇ ಲಂಗರು ಹಾಕಿದೆ ಎಂದು ಪೇಟೆಯಲ್ಲಿ ಮಾತಾಗಲಿ, ಪೇಟೆಯ ಮಾತು ಗೂಢಚಾರರ ಕಿವಿಗೆ ಬೀಳಲಿ ಎಂಬುದು ಲೆಕ್ಕ. ಇನ್ನೊಂದು, ನಾವಿಕನೊಬ್ಬ ತನ್ನ ತಾಯಿಗೆ ತೀರಾ ಹುಷಾರಿಲ್ಲವೆಂದು ಕೇಳಿ ವಿಚಾರಿಸುವ ತಂತಿ. ಅದನ್ನು ಸಂಕೇತ ಭಾಷೆಯಿಲ್ಲದೆ, ವಿಕ್ರಾಂತ್‌ನಿಂದಲೇ ಹೊರಟಂತೆ ಕಳಿಸಲಾಯಿತು. ಶಿಸ್ತಿನ ನೌಕಾಪಡೆ ಯುದ್ಧದ ಹೊಸ್ತಿಲಲ್ಲಿ ಇಂಥ ತಪ್ಪು ಮಾಡುವುದಿಲ್ಲ. ಮಗನೊಬ್ಬ ಮಾಡಬಹುದು. ಶತ್ರು ನಂಬಿದರೆ ಅದಕ್ಕೇ ನಂಬಬೇಕಿತ್ತು.

ಶತ್ರು ನಂಬಿದ. ಗಾಜಿ ಮೊದಲು ಮದ್ರಾಸಿನ ಆಚೆ ಹುಡುಕಾಡಿ, ಬಳಿಕ ವಿಶಾಖಪಟ್ಟಣದತ್ತ ತಿರುಗಿತು. ವಿಮಾನವಾಹಕ ನೌಕೆ ಬಂದರಿನಲ್ಲಿದೆ ಎಂಬ ಮಾಹಿತಿ ಕರಾಚಿಯಿಂದ ಗಾಜಿಗೆ ಹೋಗಿತ್ತೆಂದು ಕೃಷ್ಣನ್ ದಾಖಲಿಸಿದ್ದಾರೆ. ಗಾಜಿಯ ಸುಳಿವು ಭಾರತಕ್ಕೂ ಸಿಕ್ಕಿತ್ತು. ಜಲಾಂತರ್ಗಾಮಿಗಳಿಗೆ ಬೇಕಾಗುವ ವಿಶೇಷ ಎಣ್ಣೆಯೊಂದು ಚಿತ್ತಗಾಂಗ್‌ನಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿದ ಸಂದೇಶವೊಂದು ಕದ್ದು ಆಲಿಸುವವರ ಕೈಗೆ ಬಿದ್ದಿತ್ತು.

ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ಪಶ್ಚಿಮದ ವಾಯುನೆಲೆಗಳ ಮೇಲೆ ದಾಳಿ ಮಾಡಿದವು. ಅದೇ ರಾತ್ರಿ ಲೆಫ್ಟಿನೆಂಟ್ ಕಮಾಂಡರ್ ಇಂದರ್ ಸಿಂಗ್ ಅವರ ರಜಪೂತ್ ವಿಶಾಖಪಟ್ಟಣದಿಂದ ಮತ್ತೆ ಹೊರಟಿತು. ನಡುರಾತ್ರಿಯ ಸುಮಾರಿಗೆ ಬಂದರಿನ ಕಾಲುವೆ ದಾಟುತ್ತಿದ್ದಂತೆ ಮುಂದಿನ ನೀರಿನಲ್ಲಿ ವಿಚಿತ್ರ ಕದಲಿಕೆ ಕಂಡಿತೆಂದು ಕಾವಲಿನವರು ಕೂಗಿದರು. ನೌಕೆ ಆ ಕಡೆ ಧಾವಿಸಿ ಎರಡು ಡೆಪ್ತ್ ಚಾರ್ಜ್‌ಗಳನ್ನು ಬಿಟ್ಟು ಮುಂದೆ ಸಾಗಿತು. ಕೆಲವು ನಿಮಿಷಗಳ ಬಳಿಕ ಭಾರಿ ಸ್ಫೋಟವೊಂದು ಊರನ್ನು ನಡುಗಿಸಿತು. ಪ್ರಧಾನಿ ಇಂದಿರಾ ಗಾಂಧಿಯವರ ಭಾಷಣಕ್ಕೆ ರೇಡಿಯೋ ಹಚ್ಚಿಕೊಂಡು ಕುಳಿತಿದ್ದ ಕಡಲತೀರದ ಜನರ ಮನೆಗಳ ಕಿಟಕಿಗಳು ಅದುರಿದವು.

ಆ ಊರಿಗೆ ಕಡಲ ಕಡೆಯಿಂದ ಬರುವ ಸದ್ದಿನ ಭಯ ಹೊಸದಲ್ಲ. 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದಾಗ ಜನ ಊರು ಬಿಟ್ಟಿದ್ದರು. 1926ರಲ್ಲಿ ಬೆಜವಾಡ ಎಂದು ಕರೆಯುತ್ತಿದ್ದ ವಿಜಯವಾಡದಲ್ಲಿ ಹುಟ್ಟಿ ವಿಶಾಖಪಟ್ಟಣಕ್ಕೆ ಬಂದಿದ್ದ ಆಂಧ್ರ ವಿಶ್ವವಿದ್ಯಾನಿಲಯ ಮತ್ತೆ ಒಳನಾಡಿನತ್ತ, ವಿಜಯವಾಡದ ಪಕ್ಕದ ಗುಂಟೂರಿಗೆ, ಸ್ವಲ್ಪ ಕಾಲ ಗುಳೆ ಹೋಗಿತ್ತು. ಹಾಗೆ ಒಮ್ಮೆ ಖಾಲಿಯಾದ ಊರಿಗೆ, ಈ ಬಾರಿ ಬಂದ ಶತ್ರು ಬಾಗಿಲಲ್ಲೇ ಸತ್ತ ಎಂಬ ಸುದ್ದಿ ಎಷ್ಟು ಬೇಕಾಗಿತ್ತು ಎಂಬುದನ್ನು ಊಹಿಸಬಹುದು.

ಬೆಳಗಾದ ಮೇಲೆ ಮೀನುಗಾರರು ಎಣ್ಣೆಯ ಜಿಡ್ಡನ್ನೂ ತೇಲುವ ಚೂರುಗಳನ್ನೂ ಕಂಡರು. ಸಿಕ್ಕ ಸಾಮಾನಿನಲ್ಲಿ ಡಯಾಬ್ಲೋ ಎಂಬ ಹಳೆಯ ಅಮೆರಿಕನ್ ಹೆಸರಿದ್ದ ಲೈಫ್ ಜಾಕೆಟ್ ಇತ್ತು. ನೌಕಾಪಡೆಯ ಮುಳುಗುಗಾರರು ಇಳಿದು, ಬಂದರಿನ ಅಲೆತಡೆಯಿಂದ ಎರಡು ಮೈಲಿಯೂ ಇಲ್ಲದ ಜಾಗದಲ್ಲಿ ಬಿದ್ದಿದ್ದ ಗಾಜಿಯನ್ನು ಗುರುತಿಸಿದರು. ಅದರಲ್ಲಿದ್ದ 93 ಮಂದಿಯಲ್ಲಿ ಒಬ್ಬರೂ ಉಳಿದಿರಲಿಲ್ಲ. ಗಾಜಿಯನ್ನು ಮುಳುಗಿಸಲಾಗಿದೆ ಎಂದು ಸರ್ಕಾರ ಡಿಸೆಂಬರ್ 9ರಂದು ಪ್ರಕಟಿಸಿತು. ಅದೇ ದಿನ ಪಶ್ಚಿಮದಲ್ಲಿ ಪಾಕಿಸ್ತಾನದ ಹ್ಯಾಂಗೋರ್ ಜಲಾಂತರ್ಗಾಮಿ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸೇರಿ 18 ಅಧಿಕಾರಿಗಳು, 176 ನಾವಿಕರು ಅದರೊಂದಿಗೆ ಹೋದರು.

ಇಷ್ಟರವರೆಗಿನ ಘಟನೆಗಳ ಬಗ್ಗೆ ದೊಡ್ಡ ತಕರಾರಿಲ್ಲ. ತಕರಾರು ಆರಂಭವಾಗುವುದು ಗಾಜಿ ಸತ್ತದ್ದು ಯಾತರಿಂದ ಎಂಬಲ್ಲಿ.

ಡೆಪ್ತ್ ಚಾರ್ಜ್ ಎಂದರೆ ಸ್ಫೋಟಕ ತುಂಬಿದ ಪೀಪಾಯಿ. ನಿಗದಿ ಮಾಡಿದ ಆಳಕ್ಕೆ ಇಳಿದಾಗ ನೀರಿನ ಒತ್ತಡದಿಂದ ಅದು ಸಿಡಿಯುತ್ತದೆ. ಜಲಾಂತರ್ಗಾಮಿಯ ಕವಚ ಒಡೆಯಬೇಕಾದರೆ ಅದು ಕೆಲವೇ ಮೀಟರ್ ಹತ್ತಿರದಲ್ಲಿ ಸಿಡಿಯಬೇಕು. ಮಹಾಯುದ್ಧದ ಕಾಲದಲ್ಲಿ ಒಂದು ಜಲಾಂತರ್ಗಾಮಿಯ ಬೆನ್ನು ಹತ್ತಿ ಹತ್ತಾರು ಚಾರ್ಜ್‌ಗಳನ್ನು ಸುರಿದರೂ ಅದು ತಪ್ಪಿಸಿಕೊಂಡ ಪ್ರಸಂಗಗಳು ಬಹಳ. ಎರಡೇ ಚಾರ್ಜ್‌ಗಳಿಂದ, ಗುರಿ ಖಚಿತವಿಲ್ಲದ ಕತ್ತಲಲ್ಲಿ, ಗಾಜಿ ಸಾಯಲಾರದೆಂದಲ್ಲ. ಅದಕ್ಕೆ ಅಪರೂಪದ ಅದೃಷ್ಟ ಬೇಕು. ಜತೆಗೆ ಹೊರಗಿನ ಪೆಟ್ಟು ಕವಚವನ್ನು ಒಳಕ್ಕೆ ತಳ್ಳುತ್ತದೆ. ಗಾಜಿಯ ಮುಂಭಾಗದ ಕಬ್ಬಿಣ ಹೊರಕ್ಕೆ ಸಿಡಿದಂತಿದೆ ಎಂಬುದು ಮುಳುಗಿ ನೋಡಿದವರ ಹೇಳಿಕೆಯಾಗಿ ಹಲವು ವರದಿಗಳಲ್ಲಿ ಬಂದಿದೆ. ಟಾರ್ಪಿಡೋಗಳೂ ಮೈನ್‌ಗಳೂ ಇರುವ ಕಡೆ ಅದೇ.

ಹಾಗಾದರೆ ಸ್ಫೋಟಕ್ಕೆ ಕಾರಣವೇನು? ಪಾಕಿಸ್ತಾನದ ವಿವರಣೆ, ಗಾಜಿ ತಾನೇ ಹಾಕುತ್ತಿದ್ದ ಮೈನ್‌ಗೆ ಸಿಲುಕಿತು ಎಂಬುದು. ಇನ್ನೊಂದು ವಿವರಣೆ ಬ್ಯಾಟರಿಯದು. ಆ ಕಾಲದ ಜಲಾಂತರ್ಗಾಮಿಗಳು ನೀರಿನಡಿ ಬ್ಯಾಟರಿಯಿಂದ ಓಡುತ್ತಿದ್ದವು, ಅದನ್ನು ಚಾರ್ಜ್ ಮಾಡುವಾಗ ಜಲಜನಕ ಅನಿಲ ಹೊರಬರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡ 4 ದಾಟಿದರೆ ಕಿಡಿಯೊಂದೇ ಸಾಕು. ವಾರಗಟ್ಟಲೆ ಕಡಲಲ್ಲಿದ್ದ, ವಯಸ್ಸಾದ ಜಲಾಂತರ್ಗಾಮಿಯಲ್ಲಿ ಇದು ನಂಬಲಾಗದ ಸಂಗತಿಯಲ್ಲ. ಮೂರನೆಯದು ಹೊರಗಿನ ಪೆಟ್ಟನ್ನೂ ಒಳಗಿನ ಸ್ಫೋಟವನ್ನೂ ಸೇರಿಸುವಂಥದ್ದು: ರಜಪೂತ್‌ನ ಚಾರ್ಜ್‌ಗಳ ಆಘಾತದಿಂದ ಗಾಜಿಯ ಒಳಗಿನ ಸ್ಫೋಟಕಗಳೇ ಸಿಡಿದಿರಬಹುದು.

ಭೂಸೇನೆಯ ಪೂರ್ವ ಕಮಾಂಡ್‌ನಲ್ಲಿ ಆಗ ಚೀಫ್ ಆಫ್ ಸ್ಟಾಫ್ ಆಗಿದ್ದ ಜೆ.ಎಫ್.ಆರ್. ಜೇಕಬ್ ಅವರ ಮಾತು ಇನ್ನೂ ಮುಂದಕ್ಕೆ ಹೋಗುತ್ತದೆ. ಗಾಜಿ ಮೈನ್ ಹಾಕುವಾಗ ಯುದ್ಧ ಆರಂಭವಾಗುವ ಮುನ್ನವೇ ಸಿಡಿದಿತ್ತು, ಮೀನುಗಾರರಿಗೆ ಅವಶೇಷ ಸಿಕ್ಕ ಸುದ್ದಿಯನ್ನು ಕೃಷ್ಣನ್ ಅವರೇ ತಮಗೆ ಫೋನಿನಲ್ಲಿ ತಿಳಿಸಿದ್ದರು ಎಂದು ಅವರು ಬರೆದರು. ಕೃಷ್ಣನ್ ಅವರ ಪುಸ್ತಕ ರಜಪೂತ್‌ಗೆ ಶ್ರೇಯ ಕೊಡುತ್ತದೆ. ಇಬ್ಬರೂ ಅದೇ ಯುದ್ಧದ, ಅದೇ ರಂಗದ ಹಿರಿಯ ಅಧಿಕಾರಿಗಳು. ಇಬ್ಬರ ಮಾತೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ. ನೌಕಾಪಡೆಯ ಇತಿಹಾಸ ಬರೆದ ವೈಸ್ ಅಡ್ಮಿರಲ್ ಜಿ.ಎಂ. ಹೀರಾನಂದಾನಿ ಬೇರೆ ಬೇರೆ ಸಾಧ್ಯತೆಗಳನ್ನು ಪಕ್ಕಪಕ್ಕದಲ್ಲಿಟ್ಟರು. ಅದು ಇತಿಹಾಸಕಾರ ಮಾಡಬೇಕಾದ ಕೆಲಸ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ಇಲ್ಲಿ ಪೂರ್ತಿ ಒಪ್ಪುತ್ತದೆ, ಒಂದು ಎಚ್ಚರಿಕೆಯೊಂದಿಗೆ. ಕಾಗೆಯ ಭಾರಕ್ಕೇ ಕೊಂಬೆ ಮುರಿದಿರಲೂಬಹುದು. ರಜಪೂತ್ ಡೆಪ್ತ್ ಚಾರ್ಜ್ ಬಿಟ್ಟದ್ದು ನಿಜ, ಅದರ ನಾವಿಕರು ಟಾರ್ಪಿಡೋದ ಭಯವಿದ್ದ ಕತ್ತಲಿಗೆ ಹೆದರದೆ ನುಗ್ಗಿದ್ದು ನಿಜ. ಅವರನ್ನು ಸುಳ್ಳರೆನ್ನುವುದು ಅನ್ಯಾಯ. ಅವರ ಪೆಟ್ಟಿನಿಂದಲೇ ಗಾಜಿ ಸತ್ತಿತು ಎಂಬುದನ್ನು ಖಚಿತವೆಂಬಂತೆ ಹೇಳುತ್ತ ಬಂದದ್ದು ಮಾತ್ರ ಸಾಕ್ಷ್ಯವನ್ನು ಮೀರಿದ ಮಾತು.

ಸಾಕ್ಷ್ಯವಾದರೂ ಎಲ್ಲಿ? ಗಾಜಿಗೆ ಸಂಬಂಧಿಸಿದ ನೌಕಾಪಡೆಯ ಕಡತಗಳನ್ನು ಬಹಳ ಹಿಂದೆಯೇ ನಾಶಮಾಡಲಾಗಿದೆ ಎಂದು 2010ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ನೋಡಿದವರು ಇಲ್ಲ, ಕಾಗದ ಇಲ್ಲ, ಅವಶೇಷ ನೀರಿನಡಿ. ವೀರಗಾಥೆಯೊಂದು ಪ್ರಶ್ನೆಯಿಲ್ಲದೆ ಬೆಳೆಯಲು ಇಷ್ಟು ಸಾಕು.

ಹಡಗುಗಳ ವಿಷಯದಲ್ಲಿ ನಡೆದದ್ದು ಮನುಷ್ಯರ ವಿಷಯದಲ್ಲೂ ಹೀಗೇ ನಡೆಯುತ್ತದೆ. ಸ್ಪೇನ್ ದೇಶದ ಎನ್ರಿಕ್ ಮಾರ್ಕೋ ನಾಜಿಗಳ ಫ್ಲೋಸೆನ್‌ಬುರ್ಗ್ ಸೆರೆಶಿಬಿರದಲ್ಲಿ ನರಳಿದವನು ತಾನೆಂದು ಶಾಲೆಗಳಲ್ಲಿ, ಸಭೆಗಳಲ್ಲಿ ವರ್ಷಗಟ್ಟಲೆ ಹೇಳಿಕೊಂಡ, ಶಿಬಿರಗಳಿಂದ ಬದುಕಿ ಬಂದವರ ಸಂಘಕ್ಕೆ ಅಧ್ಯಕ್ಷನೂ ಆದ. 2005ರಲ್ಲಿ ಬೆನಿಟೊ ಬೆರ್ಮೆಹೊ ಎಂಬ ಇತಿಹಾಸಕಾರರು ಹಳೆಯ ದಾಖಲೆಗಳನ್ನು ಕೆದಕಿದಾಗ ಹೊರಬಿದ್ದ ಸತ್ಯ ಬೇರೆ: 1941ರಲ್ಲಿ ಆತ ಜರ್ಮನಿಗೆ ಹೋದದ್ದು ಫ್ರಾಂಕೋ ಸರ್ಕಾರದ ಒಪ್ಪಂದದಡಿ, ತಾನಾಗಿಯೇ ಮುಂದೆ ಬಂದ ಕೂಲಿಯಾಗಿ. ನಿಜವಾಗಿ ನರಳಿದ್ದವರಲ್ಲಿ ಬಹುಪಾಲು ಜನ ಅಷ್ಟರಲ್ಲಿ ತೀರಿಹೋಗಿದ್ದರು, ಅಷ್ಟು ದೊಡ್ಡ ನೋವನ್ನು ಅನುಮಾನಿಸುವುದು ಉಳಿದವರಿಗೆ ಅಸಭ್ಯವೆನಿಸಿತ್ತು. ಆ ಸಂಕೋಚದ ಮರೆಯಲ್ಲೇ ಸುಳ್ಳು ಬದುಕಿತ್ತು.

ನಮ್ಮಲ್ಲೂ ಇದರ ಛಾಯೆ ಇದೆ. 1972ರಲ್ಲಿ, ಸ್ವಾತಂತ್ರ್ಯದ ಬೆಳ್ಳಿಹಬ್ಬದ ಹೊತ್ತಿಗೆ, ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ಆರಂಭಿಸಿತು. 1980ರಲ್ಲಿ ಅದರ ನಿಯಮಗಳು ಸಡಿಲವಾದವು. ಸಾಮಾನ್ಯವಾಗಿ ಆರು ತಿಂಗಳ ಸೆರೆವಾಸ ಅಥವಾ ಭೂಗತ ಬದುಕನ್ನು ದಾಖಲೆಯಿಂದ ತೋರಿಸಬೇಕಿತ್ತು. ದಾಖಲೆ ಉಳಿದಿಲ್ಲವಾದರೆ ಜತೆಗೆ ಸೆರೆಯಲ್ಲಿದ್ದವರ ಪ್ರಮಾಣಪತ್ರ ಸಾಕಾಗುತ್ತಿತ್ತು. ಇಂಥ ದಾರಿ ಇಲ್ಲದಿದ್ದರೆ ಸಾವಿರಾರು ಪ್ರಾಮಾಣಿಕರಿಗೆ ಅನ್ಯಾಯವಾಗುತ್ತಿತ್ತು. ಅದೇ ದಾರಿಯಲ್ಲಿ ಕೆಲವು ನಕಲಿ ಹೋರಾಟಗಾರರೂ ನುಸುಳಿದರು. ಹೈದರಾಬಾದ್ ವಿಮೋಚನಾ ಹೋರಾಟದ ಗಡಿಶಿಬಿರಗಳ ಹೆಸರಿನಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಪಡೆದ ಪಿಂಚಣಿಗಳ ವಿವಾದ 2005ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಮೋಸದಿಂದ ಪಡೆದ ಗೌರವ ಉಳಿಯಬಾರದೆಂಬ ನಿಲುವನ್ನು ನ್ಯಾಯಾಲಯ ತಳೆಯಿತು. ನಮ್ಮ ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳದವರಿಗೆ ಆ ಹೋರಾಟ ಹೊಸದಲ್ಲ. ಮುಂಡರಗಿಯಂಥ ಶಿಬಿರಗಳಲ್ಲಿ ಜೀವ ಪಣಕ್ಕಿಟ್ಟವರ ಪಕ್ಕದಲ್ಲಿ ನಕಲಿಯೊಬ್ಬ ನಿಂತರೆ ಅವಮಾನವಾಗುವುದು ಅಸಲಿಗಳಿಗೆ.

ಇಲ್ಲೊಂದು ಭೇದವನ್ನು ಸ್ಪಷ್ಟಪಡಿಸಬೇಕು. ಶತ್ರುವಿಗೆ ಮಾಡುವ ಮೋಸ ಬೇರೆ, ಇತಿಹಾಸಕ್ಕೆ ಮಾಡುವ ಮೋಸ ಬೇರೆ. 1907ರ ಹೇಗ್ ನಿಯಮಗಳೇ ಯುದ್ಧತಂತ್ರದ ಸೋಗನ್ನು ಒಪ್ಪುತ್ತವೆ. ರಜಪೂತ್ ವಿಕ್ರಾಂತ್ ಆಗಿ ನಟಿಸಿದ್ದು ಯಾವ ಲೆಕ್ಕದಲ್ಲೂ ತಪ್ಪಲ್ಲ. ಅದು ಆ ಯುದ್ಧದ ಅತ್ಯುತ್ತಮ ಕೆಲಸಗಳಲ್ಲಿ ಒಂದು. ಅಲ್ಲಿಲ್ಲದ ಹಡಗನ್ನು ಹುಡುಕುತ್ತ ಗಾಜಿ ವಿಶಾಖಪಟ್ಟಣಕ್ಕೆ ಬಂದದ್ದರಿಂದಲೇ ವಿಕ್ರಾಂತ್ ಡಿಸೆಂಬರ್ 4ರಿಂದ ಕಾಕ್ಸ್ ಬಜಾರ್, ಚಿತ್ತಗಾಂಗ್‌ಗಳ ಮೇಲೆ ನಿರಾತಂಕವಾಗಿ ವಿಮಾನಗಳನ್ನು ಕಳಿಸಿತು. ಗಾಜಿಯನ್ನು ಕೊಂದದ್ದು ಯಾವುದೇ ಆಗಿರಲಿ, ಅದನ್ನು ಆ ಜಾಗಕ್ಕೆ ಎಳೆತಂದದ್ದು ಕೃಷ್ಣನ್ ಅವರ ಬುದ್ಧಿ. ಈ ಸಾಧನೆಗೆ ಪುಸ್ತಕದ ಪುರಾವೆಯೂ ಇದೆ, ಫಲಿತಾಂಶದ ಪುರಾವೆಯೂ ಇದೆ.

ಹಾಗಿದ್ದೂ ಜನರ ನೆನಪಿನಲ್ಲಿ ಉಳಿದದ್ದು ಈ ಬುದ್ಧಿವಂತಿಕೆಯಲ್ಲ. 1996ರಲ್ಲಿ ವಿಶಾಖಪಟ್ಟಣದ ರಾಮಕೃಷ್ಣ ಬೀಚಿನಲ್ಲಿ ‘ವಿಕ್ಟರಿ ಅಟ್ ಸೀ’ ಸ್ಮಾರಕ ಎದ್ದಿತು. 2002ರಲ್ಲಿ ಅದೇ ದಂಡೆಯ ಮೇಲೆ ನಿವೃತ್ತ ಜಲಾಂತರ್ಗಾಮಿ ಐಎನ್‌ಎಸ್ ಕುರ್ಸುರಾ ವಸ್ತುಸಂಗ್ರಹಾಲಯವಾಯಿತು. ಕುರ್ಸುರಾ 1971ರಲ್ಲಿ ಇದ್ದದ್ದು ಅರಬ್ಬೀ ಸಮುದ್ರದಲ್ಲಿ, ಗಾಜಿಗೂ ಅದಕ್ಕೂ ಸಂಬಂಧವಿಲ್ಲ. 2017ರಲ್ಲಿ ಸಂಕಲ್ಪ್ ರೆಡ್ಡಿ ನಿರ್ದೇಶನದ ‘ಗಾಜಿ’ ತೆಲುಗು ಮತ್ತು ಹಿಂದಿಯಲ್ಲಿ ಬಂತು, ಆ ವರ್ಷದ ಅತ್ಯುತ್ತಮ ತೆಲುಗು ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಅದರಲ್ಲಿ ಗಾಜಿಯನ್ನು ಹೊಡೆಯುವುದು ಎಸ್-21 ಎಂಬ ಭಾರತೀಯ ಜಲಾಂತರ್ಗಾಮಿ, ಕಡಲಡಿಯ ರೋಚಕ ಕಾದಾಟದಲ್ಲಿ. ಭಾರತದ ಯಾವ ಜಲಾಂತರ್ಗಾಮಿಯೂ ಗಾಜಿಯನ್ನು ಎದುರಿಸಿದ ದಾಖಲೆ ಇಲ್ಲ. ಸಿನಿಮಾ ಕಥೆ ಕಟ್ಟುವುದು ಅಪರಾಧವಲ್ಲ. ಆದರೆ ಇಂದು ಗಾಜಿಯ ಹೆಸರು ಕೇಳಿದ ಹೊಸ ಪೀಳಿಗೆಯ ಬಹಳ ಜನರಿಗೆ ನೆನಪಾಗುವುದು ಆ ಕಾದಾಟವೇ. ನಿಜಕ್ಕೂ ನಡೆದ ಜಾಣತನವನ್ನು, ಖಚಿತವಿಲ್ಲದ ಡೆಪ್ತ್ ಚಾರ್ಜನ್ನು ಕೂಡ, ನಡೆಯದ ಯುದ್ಧವೊಂದು ಬದಿಗೆ ಸರಿಸಿತು.

ಇದೇ ಯುದ್ಧದ ಇನ್ನೊಂದು ಘಟನೆಯ ಜತೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಡಿಸೆಂಬರ್ 4ರ ರಾತ್ರಿ ನಿರ್ಘಾತ್, ನಿಪಾತ್, ವೀರ್ ಎಂಬ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ಎರಗಿ ಪಾಕಿಸ್ತಾನದ ಖೈಬರ್ ಮತ್ತು ಮುಹಾಫಿಜ್ ನೌಕೆಗಳನ್ನು ಮುಳುಗಿಸಿದವು. ಅದರ ನೆನಪಿಗೇ ಪ್ರತಿವರ್ಷ ಡಿಸೆಂಬರ್ 4ರಂದು ನೌಕಾಪಡೆ ದಿನ. ಅದೇ ಜಾತಿಯ ಐಎನ್‌ಎಸ್ ಚಪಲ್ ಇಂದು ಕಾರವಾರದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಆ ದಾಳಿಯ ಬಗ್ಗೆ ತಕರಾರು ಹುಟ್ಟದಿರಲು ಕಾರಣ, ಕಳೆದುಕೊಂಡವರೂ ತಮ್ಮ ನಷ್ಟವನ್ನು ಒಪ್ಪಿಕೊಂಡಿದ್ದಾರೆ. ಎರಡೂ ಕಡೆಯವರು ಒಪ್ಪಿದ ಗೆಲುವಿಗೆ ಬಣ್ಣ ಬೇಕಾಗುವುದಿಲ್ಲ.

2024ರ ಫೆಬ್ರವರಿಯಲ್ಲಿ ನೌಕಾಪಡೆಯ ಹೊಸ ಆಳಸಮುದ್ರ ರಕ್ಷಣಾ ವಾಹನ ಗಾಜಿಯ ಅವಶೇಷವನ್ನು ತೀರದಿಂದ ಎರಡು-ಎರಡೂವರೆ ಕಿಲೋಮೀಟರ್ ದೂರದಲ್ಲಿ ಮತ್ತೆ ಗುರುತಿಸಿದ ಸುದ್ದಿ ಬಂತು. ಅದರೊಳಗೆ ಮಡಿದವರ ಗೌರವಕ್ಕಾಗಿ ಅದನ್ನು ಮುಟ್ಟದೆ ಬಿಟ್ಟದ್ದು ಸರಿಯಾದ ನಿರ್ಧಾರ, ಅದು 93 ಮಂದಿಯ ಸಮಾಧಿ. ಆದರೆ ಮುಟ್ಟದೆಯೂ ಚಿತ್ರ ತೆಗೆಯಬಹುದು. ಕವಚ ಒಳಕ್ಕೆ ಬಾಗಿದೆಯೋ ಹೊರಕ್ಕೆ ಸಿಡಿದಿದೆಯೋ ಎಂಬುದು ಚಿತ್ರದಿಂದಲೇ ಬಹುಮಟ್ಟಿಗೆ ತಿಳಿಯುವ ಸಂಗತಿ. 1971ರಲ್ಲಿ ಇಳಿದ ಮುಳುಗುಗಾರರ ವರದಿಯ ಪ್ರತಿ ಎಲ್ಲಾದರೂ ಉಳಿದಿದ್ದರೆ ಅದನ್ನೂ, ಈಗ ತೆಗೆದ ಚಿತ್ರಗಳನ್ನೂ ನೌಕಾಪಡೆ ಇತಿಹಾಸಕಾರರ ಮುಂದಿಡಬೇಕು. ಅಲ್ಲಿಯವರೆಗೆ ರಾಮಕೃಷ್ಣ ಬೀಚಿನ ಸ್ಮಾರಕದ ಬಳಿ ರಜಪೂತ್ ವಿಕ್ರಾಂತ್‌ನ ವೇಷ ತೊಟ್ಟ ಕಥೆಯನ್ನು ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ ವಿವರವಾಗಿ ಬರೆದಿಡಲಿ. ಗಾಜಿ ಮುಳುಗಿದ ಕಾರಣ ಇನ್ನೂ ಇತ್ಯರ್ಥವಾಗಿಲ್ಲ ಎಂಬ ಒಂದು ಸಾಲನ್ನೂ ಅದರ ಕೆಳಗೆ ಸೇರಿಸಲಿ.